ಕೀ ಕೊಡದ ವಾಚಿನ ಹೊಟ್ಟೆಯೊಳಗೆ

ಎಂಬತ್ತರ ದಶಕದಲ್ಲಿ ಮಸ್ಕತ್‌ನಿಂದ ಬಂದ ಮಾವನ ಕೈಯಲ್ಲಿ ಒಂದು ಸೀಕೋ 5 ಇತ್ತು. ಈಗ ಅದು ನನ್ನ ಹತ್ತಿರ ಇದೆ. ಸಿಕ್ಕ ದಿನವೇ ಕೀ ಕೊಡಲು ಹೋದೆ. ಎಷ್ಟು ತಿರುಗಿಸಿದರೂ ಸುಮ್ನೆ ತಿರುಗುತ್ತಲೇ ಇತ್ತು, ಬಿಗಿಯಾಗುವ ಸೂಚನೆಯೇ ಇಲ್ಲ. ಹಾಳಾಗಿದೆ ಅಂದುಕೊಂಡೆ. ಹಾಳಾಗಿರಲಿಲ್ಲ. ಆ ವಾಚಿಗೆ ಕೀ ಕೊಡುವ ಏರ್ಪಾಡೇ ಇಲ್ಲ!

ನನ್ನ ಕೈಗೆ ಬೇರೆಯದೇ ಅಭ್ಯಾಸ. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾದದ್ದು ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ. ಅಲ್ಲಿಂದ ಬಂದ ಜನತಾ ವಾಚಿಗೆ ಅಪ್ಪ ದಿನಾ ಬೆಳಿಗ್ಗೆ ಕೀ ಕೊಡುತ್ತಿದ್ದರು. ಅದೂ ಜಪಾನಿನ ಬೇರಿನದೇ, ಇದೂ ಜಪಾನಿನದೇ. ಹಾಗಾದರೆ ಇದರಲ್ಲಿ ಸ್ಪ್ರಿಂಗ್ ಸುತ್ತುವುದು ಯಾರು?

ಕೈ ಆಡಿಸುವುದರಿಂದಲೇ ವಾಚಿಗೆ ಕೀ ಕೊಡುವ ಉಪಾಯ ಜಪಾನಿನದಲ್ಲ. 1920ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಹಾರ್‌ವುಡ್ ಅದನ್ನು ಕೈಗಡಿಯಾರಕ್ಕೆ ತಂದ. ಅವನ ವಾಚಿನ ಭಾರದ ತುಂಡು ಅತ್ತಿತ್ತ ಬಡಿದು ವಾಪಸ್ ಬರುತ್ತಿತ್ತು. 1931ರಲ್ಲಿ ರೋಲೆಕ್ಸ್ ಪೂರ್ತಿ ಸುತ್ತು ಹಾಕುವ ಭಾರದ ತುಂಡು, ಅಂದರೆ ರೋಟರ್ ತಂದಿತು, ಆದರೆ ಅದು ಒಂದೇ ದಿಕ್ಕಿನಲ್ಲಿ ಸ್ಪ್ರಿಂಗ್ ಸುತ್ತುತ್ತಿತ್ತು. ಎರಡೂ ದಿಕ್ಕಿನ ತಿರುಗಾಟವನ್ನು ಬಳಸಿಕೊಳ್ಳಬೇಕಾದರೆ ಸಾಮಾನ್ಯವಾಗಿ ಜಾಸ್ತಿ ಚಕ್ರ, ಜಾಸ್ತಿ ಖರ್ಚು.

ಹೀಗೆ ತಾನೇ ಸ್ಪ್ರಿಂಗ್ ಸುತ್ತಿಕೊಳ್ಳುವ ವಾಚೇ ಆಟೋಮ್ಯಾಟಿಕ್. ಸೀಕೋ ತನ್ನ ಮೊದಲ ಆಟೋಮ್ಯಾಟಿಕ್ ಮಾಡಿದ್ದು 1956ರಲ್ಲಿ. ನಿಜವಾದ ಜಾಣತನ ಬಂದದ್ದು 1959ರಲ್ಲಿ, ಸೀಕೋದ ಸುವಾ ಕಾರ್ಖಾನೆಯ ಜೈರೋ ಮಾರ್ವೆಲ್ ವಾಚಿನಲ್ಲಿ. ಆ ಜಾಣತನದ ಹೆಸರು ಮ್ಯಾಜಿಕ್ ಲಿವರ್.

ನನ್ನ ವಾಚಿನ ಹಿಂದಿನ ಮುಚ್ಚಳ ತೆಗೆದಾಗ ಮೊದಲು ಕಂಡದ್ದು ಅರ್ಧಚಂದ್ರದಂಥ ರೋಟರ್. ಅದರ ಕೆಳಗೆ ಕವಲೊಡೆದ ಕಡ್ಡಿಯಂಥ ತೆಳು ಲೋಹದ ತುಂಡು, ಅದೇ ಲಿವರ್. ರೋಟರ್ ತಿರುಗಿದರೆ ಪಕ್ಕದ ಚಕ್ರ ತಿರುಗುತ್ತದೆ. ಆ ಚಕ್ರದ ನಡುವಿನಲ್ಲಲ್ಲ, ಸ್ವಲ್ಪ ಪಕ್ಕಕ್ಕೆ ಒಂದು ಗೂಟವಿದೆ. ಲಿವರ್ ಕೂತಿರುವುದು ಅದರ ಮೇಲೆ. ಹಾಗಾಗಿ ಚಕ್ರ ಯಾವ ಕಡೆ ತಿರುಗಿದರೂ ಲಿವರ್ ಹಿಂದೆ ಮುಂದೆ ಆಡುತ್ತದೆ. ಮುಂದೆ ಹೋದಾಗ ಒಂದು ತುದಿ ಸ್ಪ್ರಿಂಗ್ ಸುತ್ತುವ ಎದುರಿನ ಹಲ್ಲಿನ ಚಕ್ರವನ್ನು ತಳ್ಳುತ್ತದೆ, ಹಿಂದೆ ಬಂದಾಗ ಇನ್ನೊಂದು ತುದಿ ಎಳೆಯುತ್ತದೆ. ಬಾವಿ ಕಟ್ಟೆಯ ಮೇಲೆ ಹಗ್ಗ ಸೇದುವ ಎರಡು ಕೈ ನೋಡಿದ್ದೀರಲ್ವಾ? ಒಂದು ಹಿಡಿದಿರುವಾಗ ಇನ್ನೊಂದು ಎಳೆಯುತ್ತದೆ, ಹಗ್ಗ ಮಾತ್ರ ಒಂದೇ ಕಡೆ ಬರುತ್ತದೆ. ಸ್ಪ್ರಿಂಗ್ ತುಂಬಿದ ಮೇಲೂ ಚಿಂತೆಯಿಲ್ಲ. ಅದರ ಹೊರತುದಿ ತಾನು ಕೂತಿರುವ ಡಬ್ಬಿಯ ಗೋಡೆಗೆ ಒತ್ತಿಕೊಂಡಿರುತ್ತದೆ ಅಷ್ಟೇ, ಒತ್ತಡ ಹೆಚ್ಚಾದರೆ ಜಾರುತ್ತದೆ.

ಬಿಡಿಭಾಗ ಕಡಿಮೆ, ಹಾಗಾಗಿ ಅಗ್ಗವಾಗಿ ಮಾಡಬಹುದು. 1963ರಲ್ಲಿ ಬಂದ ಸ್ಪೋರ್ಟ್ಸ್‌ಮ್ಯಾಟಿಕ್ 5 ನಿಂತದ್ದು ಇದರ ಮೇಲೆಯೇ. ಅದರಲ್ಲಿ ಕೀಯನ್ನು 4 ಗಂಟೆಯ ಹತ್ತಿರಕ್ಕೆ ಸರಿಸಿ, ಅರ್ಧ ಒಳಗೆ ಅಡಗಿಸಿಟ್ಟರು. ದಿನಾ ಮುಟ್ಟಬೇಕಾಗಿಲ್ಲವಲ್ಲ!

ಮಾವನ ವಾಚಿನ ಮೂವ್‌ಮೆಂಟ್, ಅಂದರೆ ಒಳಗಿನ ಯಂತ್ರದ ನಂಬರ್ 7009. ಸವೆತ ತಡೆಯುವ 17 ಕಲ್ಲು, ಸೆಕೆಂಡಿಗೆ 6 ಬಡಿತ. ಈ ನಂಬರ್ ಮುಚ್ಚಳದ ಮೇಲೇ ಇರುತ್ತದೆ. ಪಕ್ಕದ ಸೀರಿಯಲ್ ನಂಬರಿನ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ದಶಕ ಯಾವುದೆಂದು ಮೂವ್‌ಮೆಂಟ್ ನೋಡಿ ಊಹಿಸಬೇಕು. ಹಳೆಯದು ಕೊಳ್ಳುವವರು ಡಯಲಿನ ತಳದ ಸಣ್ಣ ಅಕ್ಷರವನ್ನೂ ಭೂತಗನ್ನಡಿಯಲ್ಲಿ ನೋಡಲಿ. ಅಲ್ಲಿಯ ನಂಬರ್ ಮುಚ್ಚಳದ್ದಕ್ಕೆ ಹೊಂದದಿದ್ದರೆ, ಅಥವಾ ಅಕ್ಷರ ಹಿಟ್ಟಿನಂತೆ ಹರಡಿದ್ದರೆ, ಯಾರೋ ಹೊಸ ಬಣ್ಣ ಬಳಿದಿರುವ ಸಾಧ್ಯತೆ ಜಾಸ್ತಿ. ಫಳಫಳ ಹೊಳೆಯುವ ಡಯಲ್ ಕಂಡರೆ ನನಗಂತೂ ಅನುಮಾನ.

ನನ್ನದರಲ್ಲಿ ಆಗಿದ್ದು ಇಷ್ಟೇ: ಗ್ರೀಸ್ ಒಣಗಿತ್ತು. ರಾತ್ರಿ ಬಿಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ನಿಲ್ಲುತ್ತಿತ್ತು. ರಿಪೇರಿಯವರು ಬಿಚ್ಚಿ ತೊಳೆದು ಎಣ್ಣೆ ಹಾಕಿ ಕೊಟ್ಟರು. ಈಗ ಶನಿವಾರ ಸಂಜೆ ಬಿಚ್ಚಿಟ್ಟರೆ ಭಾನುವಾರ ಇಡೀ ಓಡುತ್ತದೆ. ವಾರದ ಕಿಟಕಿಯಲ್ಲಿ ಅರಬ್ಬಿ ಲಿಪಿ ಬಂದು ಕೂತಿದೆ. ಇಂಗ್ಲಿಷಿಗೆ ಬದಲಾಯಿಸಬಹುದು, ಬದಲಾಯಿಸಿಲ್ಲ.