ತಮ್ಮದೇ ಪಡೆಯ ಬಾಲಸೈನಿಕರಿಗೆ ಕಾನೂನಿನ ರಕ್ಷಣೆ: ಲುಬಾಂಗಾ ಪ್ರಕರಣದಿಂದ ಮುಂದಕ್ಕೆ

ಬಾಲಸೈನಿಕರ ಕುರಿತ ಕಾನೂನನ್ನು ಓದತೊಡಗುವವರು ಮೊದಲು ಎರಡು ವಯೋಮಿತಿಗಳನ್ನು ಬೇರೆ ಬೇರೆಯಾಗಿ ಗ್ರಹಿಸಬೇಕು. ಮಕ್ಕಳ ಹಕ್ಕುಗಳ ಒಡಂಬಡಿಕೆಗೆ 2000ರಲ್ಲಿ ಅಂಗೀಕಾರವಾದ ಐಚ್ಛಿಕ ಪ್ರೋಟೋಕಾಲ್ (ಪೂರಕ ಒಪ್ಪಂದ) ಪ್ರಕಾರ ಸಶಸ್ತ್ರ ಗುಂಪುಗಳು 18 ತುಂಬದ ಯಾರನ್ನೂ ಸೇರಿಸಿಕೊಳ್ಳುವಂತಿಲ್ಲ. ಆದರೆ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯವನ್ನು ಸ್ಥಾಪಿಸಿದ ಒಪ್ಪಂದವಾದ ರೋಮ್ ಶಾಸನದ 8ನೇ ವಿಧಿಯಡಿ ಅದು ಯುದ್ಧಾಪರಾಧವಾಗುವುದು ಮಗು 15ಕ್ಕಿಂತ ಚಿಕ್ಕದಾಗಿದ್ದಾಗ ಮಾತ್ರ. 16ರ ಹುಡುಗ ಈ ಎರಡರ ನಡುವಿನ ಕಂದಕದಲ್ಲಿ ಉಳಿದುಬಿಡುತ್ತಾನೆ ಎಂಬುದು ನನಗೆ ಇಂದಿಗೂ ಒಪ್ಪಲಾಗದ ಸಂಗತಿ.

8ನೇ ವಿಧಿ ಮೂರು ಕೃತ್ಯಗಳನ್ನು ಹೆಸರಿಸುತ್ತದೆ: ಬಲವಂತವಾಗಿ ಸೇರಿಸುವುದು, ತಾನಾಗಿ ಬಂದವರನ್ನು ಸೇರಿಸಿಕೊಳ್ಳುವುದು, ಕಾದಾಟದಲ್ಲಿ ಸಕ್ರಿಯವಾಗಿ ಬಳಸುವುದು. ಹಾಗಾಗಿ 'ಮಗುವೇ ಇಷ್ಟಪಟ್ಟು ಬಂದಿತ್ತು' ಎಂಬ ವಾದ ಆರೋಪಿಯನ್ನು ಉಳಿಸುವುದಿಲ್ಲ.

ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ಮೊದಲ ತೀರ್ಪೇ ಈ ಅಪರಾಧದ ಕುರಿತದ್ದು. ಕಾಂಗೋದ ಇಟುರಿ ಪ್ರದೇಶದ ಸೇನಾನಾಯಕ ಥಾಮಸ್ ಲುಬಾಂಗಾ 2012ರ ಮಾರ್ಚ್ 14ರಂದು ದೋಷಿಯೆಂದು ಸಾಬೀತಾಗಿ 14 ವರ್ಷಗಳ ಶಿಕ್ಷೆ ಪಡೆದ. ಮಾಜಿ ಬಾಲಸೈನಿಕರೆಂದು ಪ್ರಾಸಿಕ್ಯೂಷನ್ ಕರೆತಂದ ಹಲವರ ಸಾಕ್ಷ್ಯವನ್ನು, ಸಾಕ್ಷಿಗಳನ್ನು ಹುಡುಕಿಕೊಟ್ಟ ಮಧ್ಯವರ್ತಿಗಳ ಪ್ರಭಾವದ ಶಂಕೆಯಿಂದ, ನ್ಯಾಯಾಧೀಶರು ನೆಚ್ಚಲಿಲ್ಲ. ಅಲ್ಲಿ ಆಧಾರವಾಗಿ ನಿಂತದ್ದರಲ್ಲಿ ಒಂದು ವಿಡಿಯೊ. 2003ರ ಫೆಬ್ರವರಿ 12ರಂದು, ಅಂದರೆ ಮೇಲಿನ ಪ್ರೋಟೋಕಾಲ್ ಜಾರಿಗೆ ಬಂದು ಸರಿಯಾಗಿ ಒಂದು ವರ್ಷಕ್ಕೆ, ಲುಬಾಂಗಾ ಸೈನಿಕ ಉಡುಪಿನಲ್ಲಿ ರ್ವಾಂಪಾರಾ ತರಬೇತಿ ಶಿಬಿರಕ್ಕೆ ಹೋಗಿ ಹೊಸಬರಿಗೆ ಹುರುಪು ತುಂಬುವ ಮಾತನಾಡುತ್ತಾನೆ. ಎದುರಿಗಿದ್ದವರಲ್ಲಿ ಕೆಲವರು 15 ದಾಟಿಲ್ಲವೆಂದು ತಿಳಿಯಲು ನೋಟವೇ ಸಾಕಾಗಿತ್ತು.

ಈ ಪ್ರಕರಣದ ದೊಡ್ಡ ಲೋಪವೆಂದರೆ, ಪಡೆಯೊಳಗಿನ ಹುಡುಗಿಯರ ಮೇಲೆ ನಡೆದ ಲೈಂಗಿಕ ದೌರ್ಜನ್ಯವನ್ನು ಪ್ರಾಸಿಕ್ಯೂಷನ್ ಆರೋಪಗಳಲ್ಲಿ ಸೇರಿಸಲೇ ಇಲ್ಲ. ಸಾಕ್ಷಿಗಳು ಅದನ್ನು ಹೇಳಿದ್ದರೂ ಬಹುಮತದ ತೀರ್ಪು ಅದನ್ನು ಬದಿಗಿಟ್ಟಿತು. ಆ ದೌರ್ಜನ್ಯವೂ ಮಕ್ಕಳ 'ಬಳಕೆ'ಯ ಅವಿಭಾಜ್ಯ ಭಾಗವೆಂದು ನ್ಯಾಯಾಧೀಶೆ ಎಲಿಜಬೆತ್ ಓಡಿಯೊ ಬೆನಿಟೊ ಭಿನ್ನಮತ ಬರೆದರು. ವಿದ್ಯಾರ್ಥಿಗಳು ಆ ಭಿನ್ನಮತವನ್ನು ಬಿಡದೆ ಓದಬೇಕು.

ಅದೇ ಪಡೆಯ ಇನ್ನೊಬ್ಬ ಮುಖಂಡ ಬೋಸ್ಕೊ ಎಂಟಗಾಂಡಾನ ಪರ ವಕೀಲರು, ಯುದ್ಧದ ಕಾನೂನು ಕಾಯುವುದು ಶತ್ರುಪಕ್ಷದವರನ್ನೇ ಹೊರತು ಸ್ವಂತ ಪಡೆಯವರನ್ನಲ್ಲ ಎಂದು ವಾದಿಸಿದರು. 2017ರ ಜೂನ್ 15ರಂದು ಮೇಲ್ಮನವಿ ಪೀಠ ಅದನ್ನು ತಳ್ಳಿಹಾಕಿತು: ಅತ್ಯಾಚಾರ ಮತ್ತು ಲೈಂಗಿಕ ಗುಲಾಮಗಿರಿ ಯುದ್ಧಾಪರಾಧವಾಗಲು ಬಲಿಪಶು ಎದುರುಪಕ್ಷದವಳೇ ಆಗಿರಬೇಕಿಲ್ಲ. 2019ರ ಜುಲೈ 8ರಂದು ಎಂಟಗಾಂಡಾ ದೋಷಿಯೆಂದು ಘೋಷಿತನಾದ ಅಪರಾಧಗಳಲ್ಲಿ, ತನ್ನದೇ ಪಡೆಯ ಬಾಲಸೈನಿಕರ ಮೇಲೆ ನಡೆದ ಈ ಎರಡು ಕೃತ್ಯಗಳೂ ಸೇರಿದ್ದವು. ಶಿಕ್ಷೆ 30 ವರ್ಷ.