ಸಸ್ಯನಾಮಗಳಲ್ಲಿ ಲ್ಯಾಟಿನ್ ಸಮಾಸ ವಿಶೇಷಣ: ಬಾಲ ನೋಡಿ ರೂಪ ಹೇಳಿ

ಮುಕ್ಕಣ್ಣ, ಹಣೆಗಣ್ಣ ಎಂಬ ಬಹುವ್ರೀಹಿಗಳನ್ನು ಬಿಡಿಸಬಲ್ಲವರಿಗೆ ‘ಲಾಂಗಿಫೋಲಿಯಸ್’ ಕಷ್ಟವಲ್ಲ. ಉದ್ದವಾದ ಎಲೆ ಯಾವುದಕ್ಕೆ ಇದೆಯೋ ಅದು.

ಕಟ್ಟುವುದು ಹೀಗೆ: ಮೊದಲ ಪದದ ಷಷ್ಠೀ ಏಕವಚನ ಹಿಡಿದು ಪ್ರತ್ಯಯ ಕಳೆಯಿರಿ, ಉಳಿದ ಪ್ರಕೃತಿಗೆ ‘ಇ’ ಹಚ್ಚಿ, ಆಮೇಲೆ ಎರಡನೆಯ ಪದ. ಹೃದಯಕ್ಕೆ ‘ಕಾರ್’, ಷಷ್ಠಿ ‘ಕಾರ್ಡಿಸ್’, ಪ್ರಕೃತಿ ‘ಕಾರ್ಡ್’. ಹಾಗಾಗಿ ಅಮೃತಬಳ್ಳಿ ಟೈನೋಸ್ಪೋರ ಕಾರ್ಡಿಫೋಲಿಯ. ಪ್ರಥಮಾ ರೂಪದಿಂದ ಹೊರಟರೆ ಆ ‘ಡ್’ ಕಳೆದುಹೋಗುತ್ತದೆ. ಷಷ್ಠಿಯನ್ನು ಇಡಿಯಾಗಿ ಉಳಿಸುವುದೂ ತಪ್ಪೇ: ಗುಲಾಬಿಯಂಥ ಹೂವಿನದಕ್ಕೆ ‘ರೋಸಿಫ್ಲೋರಸ್’ ಸರಿ, ‘ರೋಸೇಫ್ಲೋರಸ್’ ಅಲ್ಲ. ಎರಡನೆಯ ಪದ ಸ್ವರದಿಂದ ಶುರುವಾದರೆ ‘ಇ’ ಬೇಡ. ಗ್ರೀಕ್ ಪದಗಳ ನಡುವೆ ಸಾಮಾನ್ಯವಾಗಿ ‘ಒ’ ಬರುತ್ತದೆ; ಹಲಸಿನ ‘ಹೆಟೆರೊಫಿಲ್ಲಸ್’ ನೋಡಿ. ‘ಫೋಲಿಯಸ್’, ‘ಫಿಲ್ಲಸ್’ ಎರಡರಲ್ಲೂ ಇರುವುದು ಎಲೆಯೇ, ಆದರೆ ಗ್ರೀಕ್ ತಲೆಗೆ ಲ್ಯಾಟಿನ್ ಬಾಲ ಅಂಟಿಸುವುದು ಒಳ್ಳೆಯ ಅಭ್ಯಾಸವಲ್ಲ.

ರೂಪ ಬದಲಾಗುವುದು ಬಾಲದಲ್ಲಿ ಮಾತ್ರ, ಅದರ ಲಿಂಗ ಕುಲನಾಮದ್ದು, ಅಂದರೆ ಸಸ್ಯನಾಮದ ಮೊದಲ ಪದದ್ದು. ಹುರಳಿ ಡಾಲಿಕಾಸ್ ಕುಲದಲ್ಲಿದ್ದಾಗ ‘ಯೂನಿಫ್ಲೋರಸ್’, ನಪುಂಸಕವಾದ ಮ್ಯಾಕ್ರೊಟೈಲೋಮಕ್ಕೆ ಬಂದಾಗ ‘ಯೂನಿಫ್ಲೋರಮ್’. ರಸ್ತೆಬದಿಯ ಕಂಬದಂಥ ಅಶೋಕ ಪಾಲಿಯಾಲ್ತಿಯ ಲಾಂಗಿಫೋಲಿಯ ಆಗಿತ್ತು, ಈಗ ಮೊನೂನ್ ಲಾಂಗಿಫೋಲಿಯಮ್.

ಬಾಲಗಳಲ್ಲಿ ನಾಲ್ಕು ಬಗೆ ಸಾಕು.

‘ಫೋಲಿಯಸ್’ (ಎಲೆಯ), ‘ಫ್ಲೋರಸ್’ (ಹೂವಿನ): ಪುಂ-ಸ್ತ್ರೀ-ನಪುಂಸಕಕ್ಕೆ ಅಸ್, ಅ, ಅಮ್. ಷಷ್ಠಿ ಲಾಂಗಿಫೋಲಿಯೈ, ಲಾಂಗಿಫೋಲಿಯೇ, ಮತ್ತೆ ಲಾಂಗಿಫೋಲಿಯೈ.

‘ಫಾರ್ಮಿಸ್’ (ಆಕಾರದ), ‘ಕಾಲಿಸ್’ (ಕಾಂಡದ): ಪುಂ-ಸ್ತ್ರೀಗೆ ಒಂದೇ ರೂಪ, ನಪುಂಸಕಕ್ಕೆ ‘ಫಾರ್ಮೆ’, ‘ಕಾಲೆ’. 2012ಕ್ಕೆ ಮುಂಚೆ ಹೊಸ ಸಸ್ಯದ ವಿವರಣೆ ಲ್ಯಾಟಿನ್‌ನಲ್ಲೇ ಇರಬೇಕಿತ್ತು. ಅಲ್ಲಿ ‘ಹೃದಯಾಕಾರದ ಎಲೆಗಳಿಂದ ಕೂಡಿದ’ ಎನ್ನಲು ‘ಫೋಲಿಯಿಸ್ ಕಾರ್ಡಿಫಾರ್ಮಿಬಸ್’ ಎನ್ನುತ್ತಿದ್ದರು. ಹಳೆಯ ಸಸ್ಯಗ್ರಂಥ ಓದುವಾಗ ಈ ‘ಇಬಸ್’ ಮತ್ತೆ ಮತ್ತೆ ಎದುರಾಗುತ್ತದೆ.

‘ಕಲರ್’ (ಬಣ್ಣದ), ‘ಪೆಸ್’ (ಪಾದದ): ಪ್ರಥಮಾ ಏಕವಚನದಲ್ಲಿ ಮೂರು ಲಿಂಗಕ್ಕೂ ಒಂದೇ. ಜೋಳದ ಕುಲ ಸಾರ್ಗಮ್ ನಪುಂಸಕವಾದರೂ ‘ಬೈಕಲರ್’ ಅಲುಗುವುದಿಲ್ಲ. ‘ಬೈಕಲರಮ್’ ಎಂದು ತಿದ್ದಲು ಹೋಗಬೇಡಿ. ‘ಲಾಂಗಿಪೆಸ್’ ಷಷ್ಠಿಯಲ್ಲಿ ‘ಲಾಂಗಿಪೆಡಿಸ್’ ಆಗುತ್ತದೆ.

‘ಫೆರ್’, ‘ಗೆರ್’ (ಹೊರುವ): ಇವು ಬಹುವ್ರೀಹಿಯಲ್ಲ, ಒಳಗೆ ಕ್ರಿಯೆ ಇದೆ. ಎಣ್ಣೆಯನ್ನು ಹೊರುವುದು ನುಗ್ಗೆಯ ‘ಒಲಿಯಿಫೆರ’, ಕಾಯಿಯನ್ನು ಹೊರುವುದು ತೆಂಗಿನ ‘ನ್ಯೂಸಿಫೆರ’. ಷಷ್ಠಿಯಲ್ಲೂ ‘ಎ’ ಉಳಿಯುತ್ತದೆ. ಕಪ್ಪು ಎಂಬರ್ಥದ ‘ನೈಗರ್’ ಎಂಬುದರ ಷಷ್ಠಿ ‘ನೈಗ್ರಿ’ ಆದದ್ದು ನೋಡಿ ‘ಒಲಿಯಿಫ್ರಿ’ ಎಂದು ಬರೆಯುವವರುಂಟು, ‘ಒಲಿಯಿಫೆರಿ’ ಸರಿ.

ಕುಲನಾಮ ‘ಅಸ್’ನಿಂದ ಮುಗಿದರೆ ಪುಲ್ಲಿಂಗವೆಂದು ಭಾವಿಸಬೇಡಿ. ಹಲಸಿನ ಕುಲ ಆರ್ಟೊಕಾರ್ಪಸ್ ಪುಲ್ಲಿಂಗ, ಆದ್ದರಿಂದ ಹೆಟೆರೊಫಿಲ್ಲಸ್. ಆಲ, ಅತ್ತಿಗಳ ಕುಲ ಫೈಕಸ್ ಸ್ತ್ರೀಲಿಂಗ, ಆದ್ದರಿಂದ ಮೈಕ್ರೊಕಾರ್ಪ.