ಹಾರ್ಪ್ ಗಿಟಾರಿನಲ್ಲಿ ಹಾರ್ಪ್ ಎಲ್ಲಿದೆ?

ಎರಡು ನೆಕ್ (ತಂತಿಗಳು ಹಾಯುವ ಉದ್ದನೆಯ ಕತ್ತು) ಇರುವ ಎಲೆಕ್ಟ್ರಿಕ್ ಗಿಟಾರಿನ ಫೋಟೊ, ಕೆಳಗೆ ‘ಅಪರೂಪದ ಹಾರ್ಪ್ ಗಿಟಾರ್’ ಎಂಬ ಒಕ್ಕಣೆ. ಒಂದೇ ತಿಂಗಳಲ್ಲಿ ಇದು ಮೂರನೇ ಸಲ ಕಣ್ಣಿಗೆ ಬಿತ್ತು. ಮೂರನೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅದನ್ನು ನುಡಿಸುತ್ತಿದ್ದವರನ್ನು ‘ಖ್ಯಾತ ಲೂಥಿಯರ್’ ಎಂದು ಹೊಗಳಿದ್ದರು. ಒಂದೇ ಸಾಲು, ಎರಡು ಪದ, ಎರಡೂ ತಪ್ಪು. ಇನ್ನು ಸುಮ್ಮನಿರಲಾಗದು.

ಎರಡು ನೆಕ್ಕಿನ ಗಿಟಾರ್ ಅಂದರೆ ಎಲ್ಲರಿಗೂ ನೆನಪಾಗುವ ಗಿಬ್ಸನ್ ಇಡಿಎಸ್-1275 ಅನ್ನೇ ನೋಡಿ. ಒಂದು ನೆಕ್ಕಿನ ಮೇಲೆ 12 ತಂತಿ, ಇನ್ನೊಂದರ ಮೇಲೆ 6. ಹದಿನೆಂಟು ತಂತಿಗಳೂ ಫ್ರೆಟ್‌ಗಳ, ಅಂದರೆ ನೆಕ್ಕಿನ ಮೆಟ್ಟಿಲುಗಳ, ಮೇಲೆ ಹಾಯುತ್ತವೆ, ಹದಿನೆಂಟನ್ನೂ ಎಡಗೈ ಒತ್ತುತ್ತದೆ. ಅದು ಒಂದೇ ಒಡಲಿಗೆ ಅಂಟಿದ ಎರಡು ಗಿಟಾರ್, ಅಷ್ಟೆ. ಹಾರ್ಪ್ ಗಿಟಾರ್ ಎನಿಸಿಕೊಳ್ಳಬೇಕಾದರೆ ಮಾಮೂಲಿ ತಂತಿಗಳ ಜೊತೆಗೆ, ಎಡಗೈ ಎಂದೂ ಒತ್ತದ ತಂತಿ ಒಂದಾದರೂ ಇರಬೇಕು. ಅದನ್ನು ಬಿಡಿಯಾಗಿ ಮೀಟಲು ಬರಬೇಕು. ನೋಟ, ಗಾತ್ರ, ನೆಕ್ಕುಗಳ ಲೆಕ್ಕ ಯಾವುದೂ ಇಲ್ಲಿ ಸಾಕ್ಷಿಗೆ ಬರುವುದಿಲ್ಲ. ಸಾಮಾನ್ಯವಾಗಿ ಈ ಹೆಚ್ಚಿನ ತಂತಿಗಳು ಗಿಟಾರಿನ ದಪ್ಪ ತಂತಿಯ ಪಕ್ಕದಲ್ಲಿ, ಅದಕ್ಕಿಂತ ಕೆಳಗಿನ ಸ್ವರಗಳಲ್ಲಿ ಕೂತಿರುತ್ತವೆ. ಸಬ್-ಬಾಸ್ ಎನ್ನುವುದು ಇವನ್ನೇ. ಫ್ರೆಟ್ ಇಲ್ಲದ್ದರಿಂದ ಒಂದು ತಂತಿಗೆ ಒಂದೇ ಸ್ವರ. ಶ್ರುತಿ ಬದಲಾದರೆ ಬಿರಟೆ ತಿರುಗಿಸಿಯೇ ತೀರಬೇಕು.

‘ಬಿಡಿಯಾಗಿ ಮೀಟಲು ಬರಬೇಕು’ ಎಂಬ ಷರತ್ತು ಸುಮ್ಮನೆ ಸೇರಿದ್ದಲ್ಲ. ಸಿತಾರಿನ ತರಬ್ ತಂತಿಗಳು ಮೇಲಿನ ತಂತಿಯ ಸ್ವರ ತಾಗಿದೊಡನೆ ತಾವಾಗಿಯೇ ಮಿಡಿಯುತ್ತವೆ. ಅಂಥವನ್ನು ಗಿಟಾರಿನೊಳಗೆ ಹಾಯಿಸಿದರೆ ಸೊಗಸಾಗಿಯೇ ಇರುತ್ತದೆ, ಹಾರ್ಪ್ ಗಿಟಾರ್ ಮಾತ್ರ ಆಗುವುದಿಲ್ಲ. ‘ವೀಣೆಯ ಮೂರು ತಾಳದ ತಂತಿಗಳನ್ನೂ ಯಾರೂ ಒತ್ತುವುದಿಲ್ಲ, ಹಾಗಾದರೆ ಅದು ಹಾರ್ಪ್ ವೀಣೆಯೇ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ತತ್ತ್ವ ಹತ್ತಿರದ್ದೇ, ಒಪ್ಪಿದೆ. ಆದರೆ ವ್ಯಾಖ್ಯೆ ಶುರುವಾಗುವುದೇ ಗಿಟಾರಿನಿಂದ. ವೀಣೆಯನ್ನು ಅದರ ಪಾಡಿಗೆ ಬಿಡೋಣ.

ಗೊಂದಲದ ಬೇರು ಇರುವುದು ‘ಹಾರ್ಪ್’ ಎಂಬ ಮುಂಪದದಲ್ಲಿ. ವಾದ್ಯಗಳನ್ನು ವರ್ಗೀಕರಿಸುವವರ ಪ್ರಕಾರ ಹಾರ್ಪಿನ ಗುರುತು ಒಂದೇ: ತಂತಿಗಳ ಸಾಲು ನಾದದ ಹಲಗೆಗೆ ಲಂಬವಾಗಿ ನಿಂತಿರಬೇಕು. ತಂತಿಯ ಒಂದು ತುದಿ ಹಲಗೆಯಿಂದಲೇ ಎದ್ದು ಹೊರಡುತ್ತದೆ. ಗಿಟಾರಿನಲ್ಲಿ ತಂತಿ ಹಲಗೆಗೆ ಸಮಾನಾಂತರವಾಗಿ ಮಲಗಿ ಬ್ರಿಡ್ಜಿಗೆ (ವೀಣೆಯ ಕುದುರೆಯಂಥದ್ದು) ಬಂದು ಸೇರುತ್ತದೆ. ಹಾರ್ಪ್ ಗಿಟಾರಿನ ಹೆಚ್ಚುವರಿ ತಂತಿಗಳೂ ಹೀಗೆ ಮಲಗಿದವೇ. ಅಂದಮೇಲೆ ಶಾಸ್ತ್ರದ ಲೆಕ್ಕದಲ್ಲಿ ಹಾರ್ಪ್ ಗಿಟಾರಿನಲ್ಲಿ ಹಾರ್ಪೇ ಇಲ್ಲ. ಹಾರ್ಪಿನಿಂದ ಎರವಲು ಬಂದದ್ದು ಅದರ ರಚನೆಯಲ್ಲ, ತಂತಿಗೊಂದು ಸ್ವರ ಎಂಬ ನಡವಳಿಕೆ ಮಾತ್ರ.

ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಈ ವಾದ್ಯಕ್ಕೆ ಈ ಹೆಸರು ಅಂಟುವ ಮೊದಲೇ ಹೆಸರು ಬೇರೆಯವರ ಮನೆಯಲ್ಲಿ ಬಾಡಿಗೆಗಿತ್ತು. 18ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಎಡ್ವರ್ಡ್ ಲೈಟ್ ‘ಹಾರ್ಪ್-ಗಿಟಾರ್’ ಎಂಬ ಪುಟ್ಟ ವಾದ್ಯವನ್ನು ಬಳಕೆಗೆ ತಂದ. ಅದರ ಒಡಲು ಹಾರ್ಪನ್ನು ನೆನಪಿಸುತ್ತಿತ್ತು, ಹೆಸರು ಹುಟ್ಟಿದ್ದೂ ಅಲ್ಲಿಂದಲೇ. 1831ರಲ್ಲಿ ಫಿಲಡೆಲ್ಫಿಯಾದ ಎಮಿಲಿಯಸ್ ಶೆರ್ ಎಂಬಾತ ‘ಹಾರ್ಪ್-ಗಿಟಾರ್’ಗೆ ಪೇಟೆಂಟ್ ಪಡೆದ. ಅದರ ಒಡಲು ಕೆಳಕ್ಕೆ ಚಾಚಿ ಚಾಚಿ ನೆಲಕ್ಕೆ ಊರಿಕೊಳ್ಳುತ್ತಿತ್ತು. ತಂತಿ ಎಷ್ಟು? ಆರು. ಆರೂ ಫ್ರೆಟ್ ಮೇಲೆ. ಪೇಟೆಂಟಿನಲ್ಲೇ ಹಾರ್ಪ್-ಗಿಟಾರ್ ಎಂದಿರುವ ಆ ವಾದ್ಯ ಇವತ್ತಿನ ಅರ್ಥದಲ್ಲಿ ಹಾರ್ಪ್ ಗಿಟಾರ್ ಅಲ್ಲವೇ ಅಲ್ಲ. ಅದೇ ಕಾಲದ ಲೈರ್ ಗಿಟಾರನ್ನೂ ಕೆಲವರು ಈ ಪಂಕ್ತಿಯಲ್ಲಿ ಕೂರಿಸುತ್ತಾರೆ. ಅದಕ್ಕಿರುವುದು ಎರಡು ಚೆಂದದ ಕೊಂಬು ಮತ್ತು ಅವೇ ಮಾಮೂಲಿ ಆರು ತಂತಿ.

ಇತ್ತ ವಿಯೆನ್ನಾದಲ್ಲಿ ಹೆಸರಿನ ಹಂಗಿಲ್ಲದೆ ಅಸಲು ವಾದ್ಯ ನುಡಿಯುತ್ತಿತ್ತು. ಅಲ್ಲಿಯ ಕೊಂಟ್ರಾಗಿಟಾರೆಗೆ ಎರಡು ನೆಕ್. ಒಂದರಲ್ಲಿ ಫ್ರೆಟ್ ಮತ್ತು ಆರು ತಂತಿ. ಇನ್ನೊಂದರಲ್ಲಿ ಫ್ರೆಟ್ಟೇ ಇಲ್ಲ, ಸಾಮಾನ್ಯವಾಗಿ ಒಂಬತ್ತು ಬಾಸ್ ತಂತಿ. 1878ರಲ್ಲಿ ಶ್ರಾಮೆಲ್ ಸಹೋದರರು ಕಟ್ಟಿಕೊಂಡ ಮೇಳದಲ್ಲಿ ಎರಡು ಪಿಟೀಲುಗಳಿಗೆ ಬಾಸ್ ಹಿಡಿದದ್ದು ಇದೇ ವಾದ್ಯ. ಅಲ್ಲಿ ಯಾರೂ ಇದನ್ನು ಹಾರ್ಪ್ ಎನ್ನಲಿಲ್ಲ, ಆದರೂ ಇದು ಲಕ್ಷಣವಾದ ಹಾರ್ಪ್ ಗಿಟಾರ್. ನೆಕ್ ಎಣಿಸಿ ಹೆಸರಿಡುವವರು ಇಲ್ಲೊಂದು ಗಳಿಗೆ ನಿಲ್ಲಬೇಕು: ಎರಡು ನೆಕ್ ಇದ್ದೂ ಇದು ಹೌದು, ಎರಡು ನೆಕ್ ಇದ್ದೂ ಆ ಗಿಬ್ಸನ್ ಇಡಿಎಸ್-1275 ಅಲ್ಲ.

ಇನ್ನೊಂದು ಗುಂಪು ಟೊಳ್ಳು ತೋಳನ್ನು ನೋಡಿ ತೀರ್ಮಾನಿಸುತ್ತದೆ. ಒಡಲಿನ ಮೇಲ್ಭಾಗ ಆನೆಯ ಸೊಂಡಿಲಿನ ಹಾಗೆ ಬೆಳೆದು ನೆಕ್ಕಿನ ಪಕ್ಕದಲ್ಲೇ ಮೇಲಕ್ಕೆ ಹೋಗಿ, ತುದಿಯಲ್ಲಿ ಬಾಸ್ ತಂತಿಗಳ ಬಿರಟೆಗಳನ್ನು ಹೊರುತ್ತದೆ. ನಾರ್ವೆಯಲ್ಲಿ ಹುಟ್ಟಿ ವಾಷಿಂಗ್ಟನ್ ರಾಜ್ಯದ ಪೋರ್ಟ್ ಟೌನ್ಸೆಂಡಿನಲ್ಲಿ ನೆಲೆಸಿದ್ದ ಕ್ರಿಸ್ ಕ್ನೂಟ್ಸನ್ 1890ರ ದಶಕದಲ್ಲಿ ಈ ಬಗೆಯದನ್ನು ಮಾಡುತ್ತಿದ್ದ. ಮುಂದೆ ಶಿಕಾಗೋದ ಲಾರ್ಸನ್ ಸಹೋದರರು ಅದನ್ನು ತಿದ್ದಿ ತೀಡಿದರು; ಮಾರಾಟವಾದದ್ದು ಡೈಯರ್ ಎಂಬ ಹೆಸರಲ್ಲಿ. 1980ರ ದಶಕದಲ್ಲಿ ಅಮೆರಿಕದ ಗಿಟಾರಿಸ್ಟ್ ಮೈಕೆಲ್ ಹೆಡ್ಜಸ್ ಒಂದು ಹಳೆಯ ಡೈಯರ್ ಹಿಡಿದು ವೇದಿಕೆ ಹತ್ತಿದ ಮೇಲೆ ಹೊಸ ಪೀಳಿಗೆಗೆ ಹಾರ್ಪ್ ಗಿಟಾರ್ ಅಂದರೆ ಈ ತೋಳು ಎಂದಾಗಿಬಿಟ್ಟಿತು. ತೋಳು ಇದ್ದರೆ ಚೆಂದ. ಆದರೆ 10 ಸಬ್-ಬಾಸ್ ತಂತಿಗಳಿದ್ದ ಗಿಬ್ಸನ್ ಸ್ಟೈಲ್ ಯು ವಾದ್ಯಕ್ಕೆ ಟೊಳ್ಳು ತೋಳೇ ಇರಲಿಲ್ಲ. ಅದನ್ನು ಹಾರ್ಪ್ ಗಿಟಾರ್ ಅಲ್ಲ ಎನ್ನುವ ಧೈರ್ಯ ಯಾರಿಗಿದೆ?

ಹಾರ್ಪ್ ಗಿಟಾರನ್ನು ‘ಕಿನ್ನರಿ ಗಿಟಾರ್’ ಎಂದು ಕನ್ನಡಿಸಿದ್ದನ್ನೂ ಕಂಡಿದ್ದೇನೆ. ಬೈಬಲ್ ಅನುವಾದದಲ್ಲಿ ಹಾರ್ಪಿಗೆ ಕಿನ್ನರಿ ಎಂದಿದೆ, ನಿಜ. ಆದರೆ ನಾವು ಕಿನ್ನರಿ ಎನ್ನುವ ವಾದ್ಯ ಬಿದಿರಿನ ದಂಡಿ, ಬುರುಡೆ, ಮೆಟ್ಟಿಲುಗಳದ್ದು. ಮೆಟ್ಟಿಲಿಲ್ಲದ ತಂತಿಯೇ ಮುಖ್ಯವಾಗಿರುವ ವಾದ್ಯಕ್ಕೆ ಮೆಟ್ಟಿಲಿರುವ ವಾದ್ಯದ ಹೆಸರು! ಹಾರ್ಪ್ ಗಿಟಾರ್ ಎಂದೇ ಬರೆದರೆ ಕನ್ನಡಕ್ಕೇನೂ ಕೊರತೆಯಾಗದು.

ಇನ್ನು ಲೂಥಿಯರ್. ಅರಬ್ಬಿಯಲ್ಲಿ ‘ಊದ್’ ಎಂದರೆ ಮರ, ಕಟ್ಟಿಗೆ, ಕಡ್ಡಿ. ಅದೇ ಹೆಸರಿನ ತಂತಿವಾದ್ಯ ‘ಅಲ್-ಊದ್’ ಎಂದು ಯುರೋಪಿಗೆ ದಾಟುವಾಗ ‘ಅಲ್’ನ ಲಕಾರ ಪದಕ್ಕೇ ಅಂಟಿಕೊಂಡಿತು. ಸ್ಪೇನಿನವರ ಲಾಊದ್, ಇಟಲಿಯವರ ಲಿಊತೋ, ಇಂಗ್ಲಿಷಿನವರ ಲ್ಯೂಟ್ ಎಲ್ಲ ಹಾಗೆ ಬಂದವು. ಫ್ರೆಂಚರು ಲ್ಯೂಟ್ ಮಾಡುವವನನ್ನು ಲೂಥಿಯರ್ ಎಂದರು. ಲ್ಯೂಟಿನ ಕಾಲ ಮುಗಿದ ಮೇಲೂ ಪಿಟೀಲು, ಗಿಟಾರ್ ಮಾಡುವವರಿಗೆ ಅದೇ ಹೆಸರು ಉಳಿಯಿತು. ಅದೇ ಊದ್ ಇನ್ನೊಂದು ದಾರಿ ಹಿಡಿದು ಸುಗಂಧದ ಮರವಾಗಿ ನಮ್ಮ ಕಡೆಗೂ ಬಂದಿದೆ: ಊದುಬತ್ತಿ, ಊದಿನಕಡ್ಡಿ. ಬಾಯಿಂದ ಊದಿ ಆರಿಸುವುದರಿಂದ ಊದುಬತ್ತಿ ಎಂದು ಬಗೆದವರು ಕಡಿಮೆಯಿಲ್ಲ, ಚಿಕ್ಕಂದಿನಲ್ಲಿ ನಾನೂ ಒಬ್ಬ. ಊದಿನಕಡ್ಡಿಯೂ ಲೂಥಿಯರನೂ ಪದದ ಮಟ್ಟಿಗೆ ದಾಯಾದಿಗಳು.

ಆದ್ದರಿಂದ ಲೂಥಿಯರ್ ಎಂದರೆ ಮಾಡುವವರು. ಲ್ಯೂಟ್ ನುಡಿಸುವವರು ಲ್ಯೂಟನಿಸ್ಟ್. ಗಿಟಾರ್ ನುಡಿಸುವವರು ಗಿಟಾರಿಸ್ಟ್, ಎಷ್ಟೇ ಖ್ಯಾತರಾದರೂ. ತಮಾಷೆಯೆಂದರೆ ಫ್ರೆಂಚಿನಲ್ಲಿ ಹಾರ್ಪ್ ಮಾಡುವವರನ್ನು ಸಾಮಾನ್ಯವಾಗಿ ಲೂಥಿಯರ್ ಎನ್ನುವುದಿಲ್ಲ, ಅವರು ಫಾಕ್ತರ್. ಹಾರ್ಪ್ ಗಿಟಾರ್ ಮಾಡುವವರು ಮಾತ್ರ ಲೂಥಿಯರ್. ಇದರಲ್ಲಿ ಹಾರ್ಪ್ ಇಲ್ಲ ಎಂಬುದಕ್ಕೆ ಇದನ್ನೂ ಒಂದು ಸಾಕ್ಷಿಯೆಂದು ಸೇರಿಸಿಕೊಳ್ಳಬಹುದು.

‘ಕೈಯಿಂದ ಮಾಡಿದ್ದು’ ಎನ್ನುವಲ್ಲೂ ತಕರಾರು ಕೇಳುತ್ತೇನೆ: ಬ್ಯಾಂಡ್‌ಸಾ ಬಳಸಿದರೆ ಕೈಕೆಲಸ ಹೇಗಾಯಿತು? ಗರಗಸ ಯಾವುದಾದರೇನು, ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವವರು ಯಾರು ಎಂಬುದು ಪ್ರಶ್ನೆ. ಲೂಥಿಯರ್ ಸ್ಪ್ರೂಸ್ ಮರದ ಹಲಗೆಯನ್ನು ಎರಡು ಬೆರಳಲ್ಲಿ ಅಂಚಿನ ಬಳಿ ತೂಗುಹಾಕಿ, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಇನ್ನೊಂದು ಸಲ ಹೊರೆಯುತ್ತಾರೆ. ಮೂರು ಮಿಲಿಮೀಟರಿನ ಆಸುಪಾಸಿನಲ್ಲಿ ಎಲ್ಲೋ ಒಂದೆಡೆ ಹಲಗೆ ಮೊಂಡು ಸದ್ದು ಬಿಟ್ಟು ಮೊಳಗಲು ಶುರುಮಾಡುತ್ತದೆ. ಅಲ್ಲಿಗೆ ಕೈ ನಿಲ್ಲಬೇಕು.

ಹಾರ್ಪ್ ಗಿಟಾರಿನಲ್ಲಿ ಈ ನಿಲ್ಲುವಿಕೆ ಇನ್ನೂ ಕಠಿಣ, ಕಾರಣ ಅದೇ ಒತ್ತದ ತಂತಿಗಳು. ಉಕ್ಕಿನ ಆರು ತಂತಿಗಳೇ ಗಿಟಾರನ್ನು ಸುಮಾರು 70 ಕಿಲೋ ಬಲದಿಂದ ಎಳೆಯುತ್ತವೆ. ಇನ್ನಾರು ಬಾಸ್ ತಂತಿ ಸೇರಿದರೆ ಅದರ ಅರ್ಧಕ್ಕೂ ಮಿಕ್ಕಿ ಎಳೆತ ಹೆಚ್ಚುತ್ತದೆ, ಅದೂ ಬ್ರಿಡ್ಜಿನ ಒಂದೇ ಪಕ್ಕಕ್ಕೆ. ಹಲಗೆ ತೆಳುವಾದರೆ ಬ್ರಿಡ್ಜಿನ ಹಿಂದೆ ಹೊಟ್ಟೆ ಉಬ್ಬುತ್ತದೆ. ಒಳಗೆ ಬ್ರೇಸ್ ಪಟ್ಟಿಗಳನ್ನು ಹೇರಿದರೆ ಪೆಟ್ಟಿಗೆ ಗಟ್ಟಿ, ನಾದ ಸತ್ತಿರುತ್ತದೆ. ಬಾಸ್ ತಂತಿ ಗಿಡ್ಡವಾದರೆ ಸ್ವರ ಮಂಕು, ಹಾಗಾಗಿ ಅದಕ್ಕೆ ಉದ್ದ ಬೇಕು, ಉದ್ದಕ್ಕೆ ತೋಳು ಬೇಕು. ತೋಳಿನ ಪಕ್ಕದ ಹಲಗೆ ಎರಡು ಮಿಲಿಮೀಟರ್ ದಪ್ಪದ್ದು. ಅದನ್ನು ನೀರಲ್ಲಿ ನೆನೆಸಿ, ಕಾದ ಕೊಳವೆಗೆ ಒತ್ತಿ, ಮೊದಲು ಒಂದು ಕಡೆಗೆ, ಮರುಗಳಿಗೆಯೇ ಎದುರು ಕಡೆಗೆ ಬಗ್ಗಿಸಬೇಕು. ಮರ ಮೆದುವಾಗಿ ಬಾಗುವ ಘಳಿಗೆ ಅಂಗೈಗೆ ಗೊತ್ತಾಗುತ್ತದೆ. ಅವಸರಪಟ್ಟರೆ ಹೊರಮೈಯ ನಾರು ಸೀಳಿ ಚಟ್ಟೆಂದು ಸದ್ದು ಬರುತ್ತದೆ; ಆ ಹಲಗೆ ಅಲ್ಲಿಗೆ ಮುಗಿಯಿತು.

1984ರಲ್ಲಿ ಕೆನಡಾದ ಲೂಥಿಯರ್ ಲಿಂಡಾ ಮ್ಯಾನ್ಜರ್ ಅಮೆರಿಕದ ಜಾಝ್ ಗಿಟಾರಿಸ್ಟ್ ಪ್ಯಾಟ್ ಮೆಥೆನಿಗಾಗಿ ಮಾಡಿಕೊಟ್ಟ ಪಿಕಾಸೊ ಗಿಟಾರಿನಲ್ಲಿ 42 ತಂತಿಗಳಿವೆ. ಅದರ ಒಡಲು ಒಂದೇ ದಪ್ಪದ್ದಲ್ಲ: ನುಡಿಸುವವರ ತೋಳಿನ ಕಡೆ ತೆಳು, ತೊಡೆಯ ಕಡೆ ದಪ್ಪ. ಹೀಗಾಗಿ ವಾದ್ಯದ ಮುಖ ತುಸು ಮೇಲಕ್ಕೆ ವಾಲುತ್ತದೆ. ಅಷ್ಟೂ ತಂತಿ ನುಡಿಸುವವರ ಕಣ್ಣಿಗಾದರೂ ಬೀಳಬೇಕಲ್ಲ.